ಸುಲಭದ ಆಟಕ್ಕೆ ಬಂದ ಗಿರಾಕಿ ಉಳಿದನೇ? ‘ವೀ’ ಯಂತ್ರದ ಲೆಕ್ಕಪತ್ರ ಹೇಳುವ ಕಥೆ

ಗಿರಾಕಿಯನ್ನು ಅಂಗಡಿಯ ಮೆಟ್ಟಿಲು ಹತ್ತಿಸುವ ಕಾರ್ಯಕ್ಕೂ, ಹತ್ತಿದವನು ಮರುತಿಂಗಳು ತಾನಾಗಿ ಬರುವಂತೆ ಮಾಡುವ ಕಾರ್ಯಕ್ಕೂ ಬಹಳ ಅಂತರವಿದೆಯೆಂಬುದನ್ನು ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಾತ್ರೆಯ ಗಿರಾಕಿಯೇ ಬೇರೆ, ಖಾತೆಯ ಗಿರಾಕಿಯೇ ಬೇರೆ. ಆದರೆ ಸಾವಿರಾರು ಕೋಟಿ ವಹಿವಾಟಿನ ದೊಡ್ಡ ಸಂಸ್ಥೆಗಳು ಸಹ ಕೆಲವೊಮ್ಮೆ ಈ ಎರಡನ್ನೂ ಒಂದೇ ಎಂದು ಎಣಿಸಿ ಮುಂದಿನ ಬಂಡವಾಳವನ್ನು ಹೂಡುತ್ತವೆ. ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಕಂಪನಿಯು ‘ವೀ’ ಎಂಬ ವಿಡಿಯೋ ಗೇಮ್ ಯಂತ್ರದಿಂದ ಗಳಿಸಿದ್ದು ಮತ್ತು ಕಳೆದುಕೊಂಡದ್ದು ಈ ವಿಷಯದಲ್ಲಿ ಪರಿಶೀಲನೆಗೆ ಅರ್ಹವಾದ ದೃಷ್ಟಾಂತವಾಗಿದೆ. ಆಟಿಕೆಯ ವಿಷಯವೆಂದು ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆ ಕಂಪನಿಯ ಲೆಕ್ಕದ ವರ್ಷವೂ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇರುವುದರಿಂದ ಅಂಕಿಅಂಶಗಳನ್ನು ಓದುವುದು ಇಲ್ಲಿನವರಿಗೆ ಸುಲಭ.

ನಿಂಟೆಂಡೊ ಹೊಸ ಸಂಸ್ಥೆಯಲ್ಲ. 1889ರಲ್ಲಿ ಹೂವಿನ ಚಿತ್ರಗಳ ಇಸ್ಪೀಟು ಎಲೆಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯಾಗಿ ಅದು ಆರಂಭವಾಯಿತು. 1980ರ ದಶಕದಲ್ಲಿ ಮನೆಯ ಟಿವಿಗೆ ಜೋಡಿಸುವ ಗೇಮ್ ಯಂತ್ರಗಳಲ್ಲಿ ಅಗ್ರಸ್ಥಾನಕ್ಕೇರಿತು. ತರುವಾಯ ಸೋನಿಯ ಪ್ಲೇಸ್ಟೇಷನ್ ಬಂದು ಆ ಸ್ಥಾನವನ್ನು ಕಸಿದುಕೊಂಡಿತು. ಪ್ಲೇಸ್ಟೇಷನ್ 2 ತನ್ನ ಆಯುಷ್ಯದಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದರೆ, ಅದೇ ತಲೆಮಾರಿನ ನಿಂಟೆಂಡೊ ಗೇಮ್‌ಕ್ಯೂಬ್ ಮಾರಾಟವಾದದ್ದು 2 ಕೋಟಿ 17 ಲಕ್ಷ ಮಾತ್ರ. 2002ರಲ್ಲಿ ಅಧ್ಯಕ್ಷರಾಗಿ ಬಂದ ಸಟೋರು ಇವಾಟಾ ಅವರ ಮುಂದೆ ಎರಡು ಮಾರ್ಗಗಳಿದ್ದವು: ಸೋನಿ ಮತ್ತು ಮೈಕ್ರೋಸಾಫ್ಟ್‌ಗಳಂತಹ ಶ್ರೀಮಂತ ಪ್ರತಿಸ್ಪರ್ಧಿಗಳೊಡನೆ ಯಂತ್ರಶಕ್ತಿಯ ಪೈಪೋಟಿಗೆ ಇಳಿಯುವುದು, ಇಲ್ಲವೇ ಇದುವರೆಗೆ ಗೇಮ್ ಆಡದವರನ್ನೇ ಗಿರಾಕಿಗಳನ್ನಾಗಿ ಮಾಡಿಕೊಳ್ಳುವುದು. ಅವರು ಎರಡನೆಯದನ್ನು ಆಯ್ದುಕೊಂಡರು. ಆಡುವವರ ಸಂಖ್ಯೆಯನ್ನೇ ಹಿಗ್ಗಿಸಬೇಕೆಂಬುದು ಅವರ ನೀತಿಯಾಯಿತು.

ಆ ನೀತಿಯ ಫಲವೇ 2006ರ ನವೆಂಬರ್ 19ರಂದು ಅಮೆರಿಕದಲ್ಲಿ ಬಿಡುಗಡೆಯಾದ ವೀ. ಅದೇ ತಿಂಗಳು ಬಂದ ಪ್ಲೇಸ್ಟೇಷನ್ 3ರ ಬೆಲೆ ಮಾದರಿಗನುಗುಣವಾಗಿ 500 ಹಾಗೂ 600 ಡಾಲರ್ ಇದ್ದರೆ ವೀ ಬೆಲೆ 250 ಡಾಲರ್. ಒಳಗಿನ ಯಂತ್ರಾಂಶ ಹಳೆಯ ಗೇಮ್‌ಕ್ಯೂಬ್‌ಗಿಂತ ಬಹಳವೇನೂ ಮುಂದುವರಿದುದಾಗಿರಲಿಲ್ಲ. ಹೈ ಡೆಫಿನಿಷನ್ ಚಿತ್ರವನ್ನು ನೀಡುವ ಸಾಮರ್ಥ್ಯವೂ ಅದಕ್ಕಿರಲಿಲ್ಲ. ಹೊಸತೆಂಬುದು ಇದ್ದದ್ದು ಕೈಯಲ್ಲಿ ಹಿಡಿಯುವ ನಿಯಂತ್ರಕದಲ್ಲಿ. ಟಿವಿಯ ರಿಮೋಟ್‌ನಂತಹ ಆ ಕಡ್ಡಿಯನ್ನು ಬೀಸಿದರೆ ಪರದೆಯ ಮೇಲೆ ಟೆನಿಸ್ ಬ್ಯಾಟು ಬೀಸುತ್ತಿತ್ತು, ಮುಂದಕ್ಕೆ ತೂಗಿದರೆ ಬೌಲಿಂಗ್ ಚೆಂಡು ಉರುಳುತ್ತಿತ್ತು. ಹತ್ತಾರು ಗುಂಡಿಗಳ ಬಳಕೆಯನ್ನು ಕಲಿಯಬೇಕಾದ ಕಷ್ಟವೇ ಇಲ್ಲ. ಅಜ್ಜಿ ಮೊಮ್ಮಗನೊಡನೆ ಆಡಬಹುದಾಗಿತ್ತು. ಅಮೆರಿಕದ ವೃದ್ಧಾಶ್ರಮಗಳಲ್ಲಿ ವೀ ಬೌಲಿಂಗ್ ಪಂದ್ಯಗಳು ನಡೆದವು.

ಮಾರಾಟದ ಗತಿಯನ್ನು ವರ್ಷವಾರು ನೋಡುವುದು ಉಚಿತ. ಮಾರ್ಚ್ 2007ಕ್ಕೆ ಮುಗಿದ ನಾಲ್ಕೂವರೆ ತಿಂಗಳಲ್ಲಿ 58 ಲಕ್ಷ ಯಂತ್ರಗಳು ಹೋದವು. ಮರುವರ್ಷ 1 ಕೋಟಿ 86 ಲಕ್ಷ. ಮಾರ್ಚ್ 2009ರ ವರ್ಷದಲ್ಲಿ 2 ಕೋಟಿ 59 ಲಕ್ಷ, ಇದು ಶಿಖರ. ಆ ವರ್ಷ ಕಂಪನಿಯ ಒಟ್ಟು ವಹಿವಾಟು 1.83 ಲಕ್ಷ ಕೋಟಿ ಯೆನ್, ಕಾರ್ಯಾಚರಣೆಯ ಲಾಭ 55 ಸಾವಿರ ಕೋಟಿ ಯೆನ್ ದಾಟಿತ್ತು. ಅಲ್ಲಿಂದ ಮುಂದೆ ಇಳಿಜಾರು: 2 ಕೋಟಿ 5 ಲಕ್ಷ, 1 ಕೋಟಿ 50 ಲಕ್ಷ, 98 ಲಕ್ಷ, ಮಾರ್ಚ್ 2013ರ ವರ್ಷದಲ್ಲಿ 40 ಲಕ್ಷಕ್ಕಿಂತ ತುಸು ಕಡಿಮೆ. ಒಟ್ಟು ಲೆಕ್ಕ 10 ಕೋಟಿ 16 ಲಕ್ಷ. ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಎರಡೂ 9 ಕೋಟಿಯ ಗಡಿಯನ್ನು ಮುಟ್ಟಲಿಲ್ಲ.

ಇಷ್ಟನ್ನೇ ನೋಡಿದವರು, ಇಷ್ಟು ಮಾರಾಟವಾದ ಮೇಲೆ ಆಸಕ್ತಿ ಉಳಿಯಿತೋ ಇಲ್ಲವೋ ಎಂಬ ಚರ್ಚೆಯೇಕೆ ಎಂದು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಗೇಮ್ ಯಂತ್ರಗಳನ್ನು ನಷ್ಟಕ್ಕೆ ಮಾರಿ, ನಂತರ ಗೇಮ್ ಡಿಸ್ಕ್‌ಗಳ ಮಾರಾಟದಲ್ಲಿ ಆ ನಷ್ಟವನ್ನು ತುಂಬಿಕೊಳ್ಳುವುದು ಈ ಉದ್ಯಮದ ರೂಢಿ. ಮಾರ್ಚ್ 2007ರ ವರ್ಷದಲ್ಲಿ ಸೋನಿಯ ಗೇಮ್ ವಿಭಾಗ 23 ಸಾವಿರ ಕೋಟಿ ಯೆನ್‌ಗೂ ಅಧಿಕ ನಷ್ಟವನ್ನು ತೋರಿಸಿತು. ವೀ ಮಾತ್ರ ಯಂತ್ರದ ಮೇಲೆಯೇ ಲಾಭವಿಟ್ಟುಕೊಂಡು ಮಾರಾಟವಾದ ಸರಕು. ಅಗ್ಗದ ಬಿಡಿಭಾಗ, ಹೊಸ ಕಲ್ಪನೆ, ಮೊದಲ ದಿನದಿಂದಲೇ ಲಾಭ: ಸಣ್ಣ ಉತ್ಪಾದಕರು ಅಸೂಯೆಪಡುವಂತಹ ವ್ಯವಹಾರ. ಯಂತ್ರವು ಮನೆ ಸೇರಿದ ಮೇಲೆ ಕಪಾಟಿನಲ್ಲಿ ಧೂಳು ಹಿಡಿದರೂ ಆ ಲಾಭವನ್ನು ಯಾರೂ ಹಿಂತಿರುಗಿಸಬೇಕಾಗಿರಲಿಲ್ಲ.

ಆದರೆ ಯಂತ್ರದ ಮಾರಾಟವು ಆಸಕ್ತಿಯ ಆರಂಭವನ್ನು ಅಳೆಯುತ್ತದೆಯೇ ಹೊರತು ಬಾಳಿಕೆಯನ್ನಲ್ಲ. ಬಾಳಿಕೆಯನ್ನು ಅಳೆಯಬೇಕಾದರೆ ಗೇಮ್ ಡಿಸ್ಕ್‌ಗಳ ಲೆಕ್ಕವನ್ನು ತೆಗೆಯಬೇಕು. ಮಾರ್ಚ್ 2009ರ ವರ್ಷದಲ್ಲಿ ವೀ ಗೇಮ್‌ಗಳು 20 ಕೋಟಿಗೂ ಹೆಚ್ಚು ಮಾರಾಟವಾದವು. ವರ್ಷಾಂತ್ಯಕ್ಕೆ ಜನರ ಮನೆಗಳನ್ನು ಸೇರಿದ್ದ ಯಂತ್ರಗಳು ಸುಮಾರು 5 ಕೋಟಿ. ಅಂದರೆ ಯಂತ್ರವೊಂದಕ್ಕೆ ಆ ವರ್ಷ ನಾಲ್ಕು ಗೇಮ್‌ಗಳ ಖರೀದಿ. ಮೂರು ವರ್ಷಗಳ ನಂತರ, ಮಾರ್ಚ್ 2012ರ ವರ್ಷದಲ್ಲಿ, ಮನೆ ಸೇರಿದ ಯಂತ್ರಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗಿ ಒಂಬತ್ತೂವರೆ ಕೋಟಿ ದಾಟಿತ್ತು. ಆದರೆ ಗೇಮ್ ಮಾರಾಟ ಅರ್ಧಕ್ಕಿಳಿದು 10 ಕೋಟಿಯ ಆಸುಪಾಸಿಗೆ ಬಂದಿತ್ತು. ಯಂತ್ರವೊಂದಕ್ಕೆ ವರ್ಷಕ್ಕೆ ಒಂದೇ ಗೇಮ್! ಅದರಲ್ಲಿಯೂ ಆ ವರ್ಷವೇ ಹೊಸದಾಗಿ ಯಂತ್ರ ಕೊಂಡವರ ಮೊದಲ ಖರೀದಿಯೂ ಸೇರಿದೆ. ಅದನ್ನು ಕಳೆದರೆ ಹಳೆಯ ಗಿರಾಕಿಯ ಪಾಲಿಗೆ ಉಳಿಯುವುದು ಅಲ್ಪವೇ. ಅದೇ ವರ್ಷಗಳಲ್ಲಿ ಪ್ಲೇಸ್ಟೇಷನ್ 3ರ ಗೇಮ್ ಮಾರಾಟ ಏರುತ್ತಲೇ ಇತ್ತೆಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಹತ್ತು ಕೋಟಿ ಗಿರಾಕಿಗಳ ಖಾತೆಯಲ್ಲಿ ಬಹುಪಾಲು ಪುಟಗಳು ಖಾಲಿಯಾಗಿದ್ದವು.

ಹೀಗಾದದ್ದೇಕೆ? ಸಾಮಾನ್ಯವಾಗಿ ಹೇಳುವ ಉತ್ತರವೆಂದರೆ, ಹವ್ಯಾಸಕ್ಕೆ ಆಡುವ ಸಾಮಾನ್ಯ ಜನ ಚಂಚಲರು, ಅವರ ಆಸಕ್ತಿ ಎಂದಿಗೂ ಅಲ್ಪಕಾಲದ್ದು ಎಂಬುದು. ಗಿರಾಕಿಯ ಮೇಲೆ ದೋಷ ಹೊರಿಸುವ ಈ ಉತ್ತರ ಅನುಕೂಲಕರವಾದುದು; ಆದುದರಿಂದಲೇ ಅದನ್ನು ಸಂಶಯದಿಂದ ಕಾಣಬೇಕು. 2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಸಾಗಾ ಎಂಬ ಮೊಬೈಲ್ ಆಟವನ್ನು ಗೃಹಿಣಿಯರು, ನಿವೃತ್ತರು, ಬಸ್ಸಿಗೆ ಕಾಯುವ ನೌಕರರು ಇಂದಿಗೂ ಆಡುತ್ತಿದ್ದಾರೆ. ಆ ಆಟದ ಒಡೆತನದ ಕಂಪನಿಯನ್ನು 2016ರಲ್ಲಿ ಸುಮಾರು 590 ಕೋಟಿ ಡಾಲರ್‌ಗಳಿಗೆ ಆಕ್ಟಿವಿಷನ್ ಸಂಸ್ಥೆ ಕೊಂಡುಕೊಂಡಿತು. ಚಂಚಲರೆಂದು ಕರೆಸಿಕೊಂಡ ಇದೇ ವರ್ಗದ ಜನರ ನಿಷ್ಠೆಗೆ ಕಟ್ಟಿದ ಬೆಲೆ ಅದು. ಇಲ್ಲಿನ ಮನೆಗಳ ಕೇರಂ ಬೋರ್ಡನ್ನೇ ನೋಡಬಹುದು. ಐದು ವರ್ಷದ ಮಗು ಮೊದಲ ದಿನವೇ ಸ್ಟ್ರೈಕರ್ ಹೊಡೆಯಬಲ್ಲುದು. ಆದರೆ ನಲವತ್ತು ವರ್ಷ ಆಡಿದವನಿಗೂ ಕಲಿಯಲು ಏನಾದರೊಂದು ಉಳಿದಿರುತ್ತದೆ. ಸುಲಭವಾಗಿರುವುದು ಆಟದ ದೋಷವಲ್ಲ.

ದೋಷವನ್ನು ವೀ ಯಂತ್ರದೊಂದಿಗೆ ಬಂದ ಸರಕಿನಲ್ಲಿಯೇ ಹುಡುಕಬೇಕು. ಜಪಾನಿನ ಹೊರಗೆ ಬಹುತೇಕ ಕಡೆ ಯಂತ್ರದ ಪೆಟ್ಟಿಗೆಯೊಳಗೇ ‘ವೀ ಸ್ಪೋರ್ಟ್ಸ್’ ಎಂಬ ಗೇಮನ್ನು ಉಚಿತವಾಗಿ ಇಡಲಾಗಿತ್ತು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಎಂಬ ಐದು ಆಟಗಳ ಈ ಡಿಸ್ಕ್ 8 ಕೋಟಿ 29 ಲಕ್ಷ ಮನೆಗಳನ್ನು ತಲುಪಿತು. ಪ್ರಚಾರದ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದ ಉಪಾಯ ಇನ್ನೊಂದಿರಲಾರದು. ಆದರೆ ಮಾದರಿಯೆಂದು ಕೊಟ್ಟ ಸರಕೇ ಗಿರಾಕಿಯ ಪೂರ್ಣ ಅಗತ್ಯವನ್ನು ತೀರಿಸಿಬಿಟ್ಟರೆ ಎರಡನೆಯ ಖರೀದಿಗೆ ಕಾರಣವಾದರೂ ಏನು? ಹಬ್ಬದ ದಿನ ನೆಂಟರು ಬಂದಾಗ ಒಂದು ಗಂಟೆ ಬೌಲಿಂಗ್ ಆಡುವುದಕ್ಕಾಗಿ ಯಂತ್ರ ಕೊಂಡ ಕುಟುಂಬಕ್ಕೆ, ಕೊಂಡ ದಿನವೇ ಬೇಕಾದದ್ದೆಲ್ಲ ದೊರಕಿತ್ತು. ಅಂತಹ ಕುಟುಂಬ ಅತೃಪ್ತವೇನೂ ಅಲ್ಲ. ಪೂರ್ಣ ತೃಪ್ತಿಯಿಂದಲೇ ಅದು ಮತ್ತೆ ಅಂಗಡಿಗೆ ಬರಲಿಲ್ಲ.

ಇನ್ನು ಆಟದ ಆಳದ ವಿಷಯ. ಮೊದಮೊದಲು ಜನರು ಕೋಣೆಯ ನಡುವೆ ನಿಂತು ತೋಳು ಬೀಸಿ ಆಡಿದರು. ಕೈಜಾರಿ ಹಾರಿದ ನಿಯಂತ್ರಕಗಳಿಂದ ಟಿವಿಗಳು ಒಡೆದ ಸುದ್ದಿಗಳು ಬಂದು, 2006ರ ಡಿಸೆಂಬರ್‌ನಲ್ಲಿ ಕಂಪನಿ ಮಣಿಕಟ್ಟಿನ ಪಟ್ಟಿಗಳನ್ನು ಬದಲಿಸಿಕೊಡಬೇಕಾಯಿತು. ಆದರೆ ಕೆಲವೇ ದಿನಗಳಲ್ಲಿ, ಸೋಫಾದಲ್ಲಿ ಒರಗಿ ಮಣಿಕಟ್ಟನ್ನು ತುಸು ಕೊಂಕಿಸಿದರೂ ಅದೇ ಫಲ ಸಿಗುತ್ತದೆಂಬುದು ಆಡುವವರಿಗೆ ತಿಳಿದುಹೋಯಿತು. ನಿಯಂತ್ರಕದ ಒಳಗಿದ್ದದ್ದು ವೇಗದ ಬದಲಾವಣೆಯನ್ನು ಗುರುತಿಸುವ ಸಂವೇದಕ. ಕೈಯ ಪೂರ್ಣ ಚಲನೆಯನ್ನು ಯಥಾವತ್ತಾಗಿ ಅರಿಯುವ ಶಕ್ತಿ ಅದಕ್ಕಿರಲಿಲ್ಲ. ಟೆನಿಸ್‌ನಲ್ಲಿ ಓಡಾಟವನ್ನು ಯಂತ್ರವೇ ನೋಡಿಕೊಳ್ಳುತ್ತಿತ್ತು. ಹೀಗೆ ಯಾವುದು ಮೊದಲ ದಿನ ಬೆರಗನ್ನು ಹುಟ್ಟಿಸಿತ್ತೋ ಅದರ ಮಿತಿ ಬೇಗನೇ ಬಯಲಾಯಿತು. ಈ ಕೊರತೆಯನ್ನು ತುಂಬಲು 2009ರಲ್ಲಿ ‘ಮೋಷನ್‌ಪ್ಲಸ್’ ಎಂಬ ಜೋಡಣೆ ಬಂತು. ಅದರೊಡನೆ ಬಂದ ‘ವೀ ಸ್ಪೋರ್ಟ್ಸ್ ರೆಸಾರ್ಟ್’ 3 ಕೋಟಿ 31 ಲಕ್ಷ ಮಾರಾಟವಾದುದು, ಗಿರಾಕಿಗೆ ಒಂದು ಮೆಟ್ಟಿಲು ಮೇಲಿನದನ್ನು ಕೊಟ್ಟರೆ ಅವನು ಹತ್ತಲು ಸಿದ್ಧನಿದ್ದನೆಂಬುದನ್ನು ತೋರಿಸುತ್ತದೆ. ಆದರೆ ಆ ಮೆಟ್ಟಿಲಿನ ನಂತರ ಮತ್ತೊಂದಿರಲಿಲ್ಲ.

ಮತ್ತೊಂದು ಅಂಶ ಚಿಲ್ಲರೆ ವ್ಯಾಪಾರಿಗಳಿಗೆ ಚೆನ್ನಾಗಿ ಪರಿಚಿತವಾದುದು. ಯಂತ್ರ ಜನಪ್ರಿಯವಾದುದನ್ನು ಕಂಡ ಹೊರಗಿನ ಪ್ರಕಾಶಕರಲ್ಲಿ ಅನೇಕರು ಅಲ್ಪಾವಧಿಯಲ್ಲಿ, ಅಲ್ಪ ವೆಚ್ಚದಲ್ಲಿ ತಯಾರಿಸಿದ ಕಿರು ಆಟಗಳ ಸಂಕಲನಗಳನ್ನು ಮಾರುಕಟ್ಟೆಗೆ ಸುರಿದರು. ಪೆಟ್ಟಿಗೆಗಳು ನೋಡಲು ಒಂದೇ ತೆರ. ಗೇಮ್ ಪತ್ರಿಕೆಗಳನ್ನು ಓದುವ ಅಭ್ಯಾಸವಿಲ್ಲದ ಹೊಸ ಗಿರಾಕಿಗೆ ಒಳ್ಳೆಯದಾವುದು, ಕಳಪೆಯಾವುದು ಎಂದು ತಿಳಿಯುವ ಸಾಧನವೇ ಇರಲಿಲ್ಲ. ಒಮ್ಮೆ ಮೋಸಹೋದವನು ಎರಡನೆಯ ಬಾರಿ ಕೈಚಾಚಲು ಹಿಂಜರಿದುದು ಸಹಜ. 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿದುದಕ್ಕೆ ಇಂತಹುದೇ ಕಳಪೆ ಸರಕಿನ ಪ್ರವಾಹವು ಮುಖ್ಯ ಕಾರಣಗಳಲ್ಲೊಂದಾಗಿತ್ತು. ಅದಾದ ಬಳಿಕ ಅಲ್ಲಿಗೆ ಕಾಲಿಟ್ಟು, ಗುಣಮಟ್ಟದ ಮುದ್ರೆಯನ್ನು ಒತ್ತಿ ಮಾರುವ ಪದ್ಧತಿಯಿಂದ ಜನರ ವಿಶ್ವಾಸವನ್ನು ಮರಳಿ ಗಳಿಸಿದ ಕಂಪನಿ ಇದೇ ನಿಂಟೆಂಡೊ. ಆ ಪಾಠವನ್ನು ಕಲಿಸಿದವರೇ ಮರೆತದ್ದು ವಿಚಿತ್ರವೆನ್ನದೆ ವಿಧಿಯಿಲ್ಲ.

ಹೊರಗಿನ ಪೈಪೋಟಿಯೂ ಬದಲಾಗಿತ್ತು. ಆಪಲ್ ಕಂಪನಿಯ ಆಪ್ ಸ್ಟೋರ್ ಆರಂಭವಾದುದು 2008ರ ಜುಲೈನಲ್ಲಿ. 2009ರಲ್ಲಿ ಫೇಸ್‌ಬುಕ್‌ನ ಫಾರ್ಮ್‌ವಿಲ್, ಅದೇ ವರ್ಷದ ಕೊನೆಗೆ ಆಂಗ್ರಿ ಬರ್ಡ್ಸ್ ಬಂದವು. ಕೆಲವೇ ನಿಮಿಷ ಹಗುರವಾಗಿ ಆಡಬಯಸುವವನಿಗೆ ಈಗ ಟಿವಿಯ ಮುಂದೆ ಕೂರುವ ಅಗತ್ಯವಾಗಲಿ, 50 ಡಾಲರ್ ಕೊಟ್ಟು ಡಿಸ್ಕ್ ಕೊಳ್ಳುವ ಅಗತ್ಯವಾಗಲಿ ಉಳಿಯಲಿಲ್ಲ. ಭಾರತದ ಬಹುಸಂಖ್ಯಾತರು ಗೇಮ್ ಯಂತ್ರವೆಂಬ ಹಂತವನ್ನೇ ದಾಟಿ ನೇರವಾಗಿ ಮೊಬೈಲಿಗೆ ಬಂದವರು. ಯಾವ ಗಿರಾಕಿಗಳನ್ನು ಇವಾಟಾ ಅವರು ಅಷ್ಟು ಶ್ರಮದಿಂದ ಕೂಡಿಸಿದ್ದರೋ, ಅವರನ್ನು ಹೊಸ ವಿಧಾನವು ಕೈಬೀಸಿ ಕರೆದೊಯ್ದಿತು.

ಇದೇ ಅವಧಿಯಲ್ಲಿ ಪ್ರತಿಸ್ಪರ್ಧಿಗಳು ಮಾಡಿದ ಅನುಕರಣೆಯ ಗತಿಯೂ ಬೋಧಪ್ರದವಾಗಿದೆ. ಕೈಯಲ್ಲಿ ಏನನ್ನೂ ಹಿಡಿಯದೆ ಮೈಯಾಡಿಸಿಯೇ ಆಡುವ ‘ಕಿನೆಕ್ಟ್’ ಸಾಧನವನ್ನು ಮೈಕ್ರೋಸಾಫ್ಟ್ 2010ರ ನವೆಂಬರ್‌ನಲ್ಲಿ ಹೊರತಂದಿತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆಯನ್ನೇ ಸೇರಿತು. ಆ ಅಂಕಿಯನ್ನು ನಂಬಿ 2013ರಲ್ಲಿ ಬಂದ ಎಕ್ಸ್‌ಬಾಕ್ಸ್ ಒನ್ ಜೊತೆಗೆ ಅದನ್ನು ಕಡ್ಡಾಯವಾಗಿ ಸೇರಿಸಿ 500 ಡಾಲರ್ ಬೆಲೆಯಿಟ್ಟಿತು. ಜನ ಒಪ್ಪಲಿಲ್ಲ. 2014ರ ಜೂನ್ ಹೊತ್ತಿಗೆ ಕಿನೆಕ್ಟನ್ನು ಬಿಟ್ಟು 400 ಡಾಲರಿಗೆ ಮಾರಬೇಕಾಯಿತು. 2017ರಲ್ಲಿ ಅದರ ಉತ್ಪಾದನೆಯೇ ನಿಂತಿತು. ಪ್ಲಾಸ್ಟಿಕ್ ಗಿಟಾರ್ ಹಿಡಿದು ಆಡುವ ‘ಗಿಟಾರ್ ಹೀರೋ’ 2005ರಲ್ಲಿ ಬಂದು ಭಾರಿ ಜನಪ್ರಿಯತೆ ಗಳಿಸಿದರೂ 2011ರ ಫೆಬ್ರವರಿಯಲ್ಲಿ ಅದರ ವಿಭಾಗವನ್ನು ಮುಚ್ಚಲಾಯಿತು. ಒಂದರ ಹಿಂದೆ ಒಂದರಂತೆ ಹೊಸ ಸಂಚಿಕೆಗಳನ್ನು ತಂದರೂ ಕೈಯಲ್ಲಿದ್ದದ್ದು ಅದೇ ಗಿಟಾರ್.

ನಿಂಟೆಂಡೊ ಪಾಲಿಗೆ ಅಸಲಿ ಪರೀಕ್ಷೆ ಎದುರಾದುದು 2012ರ ನವೆಂಬರ್‌ನಲ್ಲಿ, ‘ವೀ ಯು’ ಬಿಡುಗಡೆಯಾದಾಗ. ಹಳೆಯ ಹೆಸರನ್ನೇ ಉಳಿಸಿಕೊಂಡದ್ದರ ಹಿಂದಿನ ಲೆಕ್ಕಾಚಾರ ಸ್ಪಷ್ಟ: ಹತ್ತು ಕೋಟಿ ಮನೆಗಳ ವಿಶ್ವಾಸ ಹೊಸ ಯಂತ್ರಕ್ಕೂ ವರ್ಗಾವಣೆಯಾಗುವುದೆಂಬ ನಂಬಿಕೆ. ವರ್ಗಾವಣೆಯಾದದ್ದು ಗೊಂದಲ ಮಾತ್ರ. ಇದು ಹೊಸ ಯಂತ್ರವೋ, ಹಳೆಯದಕ್ಕೆ ಜೋಡಿಸುವ ಪರದೆಯೋ ಎಂಬುದೇ ಬಹುಜನರಿಗೆ ತಿಳಿಯಲಿಲ್ಲ. ಅದರ ಜೀವಮಾನದ ಮಾರಾಟ 1 ಕೋಟಿ 35 ಲಕ್ಷ, ಅಂದರೆ ವೀ ಮಾರಾಟದ ಏಳರಲ್ಲಿ ಒಂದು ಭಾಗಕ್ಕೂ ಕಡಿಮೆ. ಸೋತ ಗೇಮ್‌ಕ್ಯೂಬ್ ಸಹ ಇದಕ್ಕಿಂತ ಹೆಚ್ಚು ಮಾರಾಟವಾಗಿತ್ತು. ನಡುವಿನ ಹತ್ತು ಕೋಟಿಯಲ್ಲಿ ನಿಜವಾದ ಖಾತೆದಾರರು ಎಷ್ಟು ಜನರಿದ್ದರೆಂಬ ಪ್ರಶ್ನೆಗೆ ಇದಕ್ಕಿಂತ ನಿಷ್ಠುರವಾದ ಉತ್ತರ ದೊರೆಯಲಾರದು. ಅದಕ್ಕೆ ಮುನ್ನವೇ, ಮಾರ್ಚ್ 2012ರ ವರ್ಷದಲ್ಲಿ, ವಹಿವಾಟು 65 ಸಾವಿರ ಕೋಟಿ ಯೆನ್‌ಗಳಿಗೆ ಕುಗ್ಗಿ, 4,320 ಕೋಟಿ ಯೆನ್ ನಿವ್ವಳ ನಷ್ಟ ಉಂಟಾಗಿತ್ತು. ಈ ನಷ್ಟಕ್ಕೆ ವೀ ಇಳಿಮುಖವೊಂದೇ ಕಾರಣವೆಂದು ಹೇಳಲಾಗದು. ಯೆನ್ ಮೌಲ್ಯದ ಏರಿಕೆ ಮತ್ತು ಹೊಸ ಕೈಯಂತ್ರವಾದ 3ಡಿಎಸ್ ಬೆಲೆಯನ್ನು ಆರೇ ತಿಂಗಳಲ್ಲಿ ತೀವ್ರವಾಗಿ ಇಳಿಸಬೇಕಾಗಿ ಬಂದುದು ಸಹ ಸೇರಿಕೊಂಡಿದ್ದವು. ಆ ಬೆಲೆ ಇಳಿಕೆಯ ಹೊಣೆ ಹೊತ್ತು ಇವಾಟಾ ಅವರು ತಮ್ಮ ವೇತನವನ್ನು ಅರ್ಧಕ್ಕಿಳಿಸಿಕೊಂಡರು. ನೌಕರರನ್ನು ಮೊದಲು ಮನೆಗೆ ಕಳುಹಿಸುವ ಆಡಳಿತಗಾರರ ನಡುವೆ ಈ ನಡತೆ ಉಲ್ಲೇಖನೀಯ.

ವೀ ಯಂತ್ರದಲ್ಲಿಯೂ ದೀರ್ಘಕಾಲ ಮಾರಾಟವಾದ ಗೇಮ್‌ಗಳಿದ್ದವು. ‘ಮಾರಿಯೋ ಕಾರ್ಟ್ ವೀ’ 2008ರಲ್ಲಿ ಬಂದು ವರ್ಷಾನುಗಟ್ಟಲೆ ಪಟ್ಟಿಯಲ್ಲಿ ಉಳಿದು 3 ಕೋಟಿ 73 ಲಕ್ಷ ತಲುಪಿತು. ಅದೂ ಸುಲಭದ ಆಟವೇ. ಚುಕ್ಕಾಣಿ ಹಿಡಿದಂತೆ ಹಿಡಿದರೆ ಕಾರು ಓಡುತ್ತದೆ. ಆದರೆ ತಿರುವಿನಲ್ಲಿ ಜಾರಿಸಿ ವೇಗ ಗಳಿಸುವ ಕೌಶಲ, ಪಥಗಳ ವೈವಿಧ್ಯ, ಎದುರಾಳಿಯ ಸವಾಲು, ಇವು ಆಡಿದಷ್ಟೂ ಮುಗಿಯದಂತಹವು. ಇದಕ್ಕೆ ಪ್ರತಿಯಾಗಿ, ತೂಕ ನೋಡುವ ಹಲಗೆಯೊಡನೆ ಬಂದ ‘ವೀ ಫಿಟ್’ 2 ಕೋಟಿ 26 ಲಕ್ಷ ಮಾರಾಟವಾದರೂ, ಹೊಸವರ್ಷದ ಸಂಕಲ್ಪದೊಡನೆ ಕೊಂಡ ವ್ಯಾಯಾಮದ ಸೈಕಲ್ಲಿನಂತೆ ಬಹಳ ಮನೆಗಳಲ್ಲಿ ಮಂಚದಡಿ ಸೇರಿತು.

2017ರ ಮಾರ್ಚ್‌ನಲ್ಲಿ ಬಂದ ‘ಸ್ವಿಚ್’ ಯಂತ್ರ ಈ ಭೇದವನ್ನು ಅರಿತು ರೂಪಿಸಿದಂತಿದೆ. ಮೊದಲ ದಿನವೇ ಅದರೊಡನೆ ಜೆಲ್ಡಾ ಸರಣಿಯ ಗಹನವಾದ ಸಾಹಸದ ಗೇಮ್ ಇತ್ತು. ‘1-2-ಸ್ವಿಚ್’ ಎಂಬ ಕೂಟದ ಆಟವೂ ಇತ್ತು, ಆದರೆ ಅದನ್ನು ಪೆಟ್ಟಿಗೆಯಲ್ಲಿ ಉಚಿತವಾಗಿಡಲಿಲ್ಲ. ಸಾಮಾನ್ಯ ಕುಟುಂಬಗಳು ಬಂದದ್ದು ತುಸು ತಡವಾಗಿ: 2019ರ ಅಕ್ಟೋಬರ್‌ನಲ್ಲಿ ವ್ಯಾಯಾಮವನ್ನೇ ಸಾಹಸಕಥೆಯಾಗಿ ಹೆಣೆದ ‘ರಿಂಗ್ ಫಿಟ್ ಅಡ್ವೆಂಚರ್’, 2020ರ ಮಾರ್ಚ್‌ನಲ್ಲಿ, ಕೊರೋನಾ ಜಗತ್ತನ್ನು ಮನೆಯೊಳಗೆ ಕೂರಿಸಿದ ಹೊತ್ತಿಗೆ, ‘ಆ್ಯನಿಮಲ್ ಕ್ರಾಸಿಂಗ್’. ಎರಡನೆಯದು ಸ್ವಭಾವದಲ್ಲಿ ಅತ್ಯಂತ ಸೌಮ್ಯವಾದ ಆಟ. ದ್ವೀಪವೊಂದರಲ್ಲಿ ಮೀನು ಹಿಡಿದು, ಹೂ ನೆಟ್ಟು, ಸಾಲ ತೀರಿಸುವುದಷ್ಟೇ. ಆದರೆ ಋತುಗಳು ನಿಜವಾದ ಕ್ಯಾಲೆಂಡರಿನಂತೆ ಬದಲಾಗುತ್ತವೆ, ದಿನಕ್ಕೊಂದು ಹೊಸತಿರುತ್ತದೆ. ಅದು ನಾಲ್ಕೂವರೆ ಕೋಟಿಗೂ ಹೆಚ್ಚು ಮಾರಾಟವಾಗಿದೆ. ಸ್ವಿಚ್ ಯಂತ್ರದ ಮಾರಾಟ 15 ಕೋಟಿಯನ್ನು ದಾಟಿದೆ. ಸುಲಭವಾದ ಆಟಗಳೇ ಇಲ್ಲಿಯೂ ಜನರನ್ನು ಕರೆತಂದವು. ವೀ ಕಾಲದಲ್ಲಿ ಕಾಣದಿದ್ದದ್ದು, ಬಂದವರಿಗೆ ನಾಳೆಗೂ ಕೆಲಸವಿಟ್ಟ ಈ ಏರ್ಪಾಡು.

2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಅಮೆರಿಕದಲ್ಲಿ ಸುಮಾರು 450 ಡಾಲರ್ ಬೆಲೆಯೊಡನೆ ಮಾರುಕಟ್ಟೆಗಿಳಿದು, ಮೊದಲ ನಾಲ್ಕು ದಿನಗಳಲ್ಲಿಯೇ 35 ಲಕ್ಷ ಮಾರಾಟವಾಯಿತು. ಯಂತ್ರದ ಪರಿಚಯ ಮಾಡಿಕೊಡುವ ಕಿರು ಗೇಮನ್ನು ಸಹ ಈ ಬಾರಿ ಉಚಿತವಾಗಿ ಕೊಡಲಿಲ್ಲ. ಸುಮಾರು 10 ಡಾಲರ್ ಬೆಲೆಯಿಟ್ಟದ್ದಕ್ಕೆ ಅಭಿಮಾನಿಗಳೇ ಗೊಣಗಿದರು. ವೀ ಸ್ಪೋರ್ಟ್ಸ್ ಅನ್ನು ಪೆಟ್ಟಿಗೆಯಲ್ಲಿಟ್ಟು ಕೊಟ್ಟ ಅದೇ ಕಂಪನಿ ಇದು. ನಾಲ್ಕು ದಿನಗಳಲ್ಲಿ ಸಾಲುಗಟ್ಟಿದವರು ಖಾತೆಯ ಗಿರಾಕಿಗಳೆಂಬುದರಲ್ಲಿ ಸಂದೇಹವಿಲ್ಲ. ಹಬ್ಬಕ್ಕೆ ನೆಂಟರೊಡನೆ ಬೌಲಿಂಗ್ ಆಡಲೆಂದು 250 ಡಾಲರ್ ಕೊಟ್ಟಿದ್ದ ಕುಟುಂಬ, ಕೈಯಲ್ಲಿ ಮೊಬೈಲ್ ಇರುವಾಗ, 450 ಡಾಲರ್ ಕೊಟ್ಟು ಇದರತ್ತ ತಿರುಗುವುದೇ ಎಂಬುದು ಇನ್ನು ಕೆಲವು ವರ್ಷಗಳ ಲೆಕ್ಕಪತ್ರಗಳಲ್ಲಿ ತಿಳಿಯಲಿದೆ. ಆಗಲೂ ನೋಡಬೇಕಾದ ಕಲಮು ಯಂತ್ರದ ಮಾರಾಟದ್ದಲ್ಲ, ಯಂತ್ರವೊಂದಕ್ಕೆ ವರ್ಷಕ್ಕೆ ಎಷ್ಟು ಗೇಮ್ ಹೋದವು ಎಂಬುದರದ್ದು.